ನೀವು ಕೇಳಿದ್ದು: ಚುನಾವಣೆ ಹೊತ್ತಿನ ಸಾಕ್ಷ್ಯಚಿತ್ರಗಳನ್ನು ಎಷ್ಟು ನಂಬಬಹುದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇದ್ದವು. ಚುನಾವಣೆ ಹತ್ತಿರ ಬಂದಾಗ ಬಿಡುಗಡೆಯಾಗುವ ರಾಜಕೀಯ ಸಾಕ್ಷ್ಯಚಿತ್ರಗಳು, ವಾಹಿನಿಗಳ ಪಕ್ಷಪಾತ, ಇವೆರಡರಿಂದ ಜನರ ಅಭಿಪ್ರಾಯ ಬದಲಾಗುತ್ತದಾ ಅನ್ನುವ ಅನುಮಾನ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಒಂದು ಸಾಕ್ಷ್ಯಚಿತ್ರ ನೋಡಿ ಜನ ವೋಟು ಬದಲಾಯಿಸುತ್ತಾರಾ? ಇಲ್ಲ ಅನ್ನುವುದಾದರೆ ಪಕ್ಷಗಳು ಅದಕ್ಕೆ ಅಷ್ಟೊಂದು ಹೆದರುವುದು ಯಾಕೆ?
— ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿನಿ

ಒಂದೇ ಒಂದು ಚಿತ್ರ ನೋಡಿ ಈ ಕಡೆಯಿಂದ ಆ ಕಡೆಗೆ ಹೋಗುವವರು ತೀರಾ ಕಡಿಮೆ. 2004ರ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನೇ ನೋಡಿ. ನಿರ್ದೇಶಕ ಮೈಕಲ್ ಮೂರ್ ಅವರ ‘ಫ್ಯಾರನ್‌ಹೀಟ್ 9/11’ಗೆ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಒಟ್ಟು ಗಳಿಕೆ 20 ಕೋಟಿ ಡಾಲರ್ ದಾಟಿತು, ಒಂದು ಸಾಕ್ಷ್ಯಚಿತ್ರಕ್ಕೆ ಇದು ಕಂಡು ಕೇಳರಿಯದ ಮೊತ್ತ. ಎರಡನೇ ಸಲ ಸ್ಪರ್ಧೆಗಿಳಿದಿದ್ದ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಸೋಲಬೇಕು ಅನ್ನುವ ಆಸೆಯನ್ನು ಮೂರ್ ಬಚ್ಚಿಡಲೂ ಇಲ್ಲ. ಆದರೆ ನವೆಂಬರ್‌ನಲ್ಲಿ ಬುಷ್ ಅವರೇ ಗೆದ್ದರು, ಅದೂ ಶೇ 50ಕ್ಕಿಂತ ಜಾಸ್ತಿ ಮತ ಪಡೆದು.

ಕಾರಣ ಸರಳ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಹೋದವರಲ್ಲಿ ಹೆಚ್ಚಿನವರು ಮೊದಲೇ ಬುಷ್ ಮೇಲೆ ಸಿಟ್ಟಾಗಿದ್ದವರು. ಮನಸ್ಸು ಬದಲಾಗಬೇಕಿದ್ದವರು ಥಿಯೇಟರ್ ಕಡೆ ತಲೆಯನ್ನೇ ಹಾಕಲಿಲ್ಲ. ಇದು ಹೊಸ ವಿಷಯವೂ ಅಲ್ಲ. 1940ರಲ್ಲಿ ಸಂಶೋಧಕ ಪಾಲ್ ಲಾಝರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಮತದಾರರನ್ನು ಆರಿಸಿಕೊಂಡು, ಚುನಾವಣೆ ಮುಗಿಯುವವರೆಗೆ ತಿಂಗಳು ತಿಂಗಳೂ ಅವರನ್ನು ಮಾತಾಡಿಸುತ್ತಾ ಹೋದರು. ರೇಡಿಯೊ, ಪತ್ರಿಕೆಗಳು ಜನರ ಮತವನ್ನು ಹೇಗೆ ತಿರುಗಿಸುತ್ತವೆ ಅಂತ ತಿಳಿಯುವುದು ಅವರ ಉದ್ದೇಶ. ಸಿಕ್ಕಿದ್ದು ಬೇರೆಯೇ. ಬಹಳಷ್ಟು ಮಂದಿ ಯಾರಿಗೆ ವೋಟು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದರು, ಪ್ರಚಾರ ಅದನ್ನು ಇನ್ನಷ್ಟು ಗಟ್ಟಿ ಮಾಡಿತು ಅಷ್ಟೆ. ಕೊನೆಯವರೆಗೂ ತೀರ್ಮಾನ ಮಾಡದವರ ಮೇಲೆ ಪತ್ರಿಕೆ, ರೇಡಿಯೊಗಳಿಗಿಂತ ಪರಿಚಯದವರ ಮಾತು ಹೆಚ್ಚು ಕೆಲಸ ಮಾಡಿತ್ತು.

ಹಾಗಂತ ಮಾಧ್ಯಮಕ್ಕೆ ಶಕ್ತಿಯೇ ಇಲ್ಲ ಅಂದುಕೊಂಡರೆ ತಪ್ಪು. 1996ರಲ್ಲಿ ಫಾಕ್ಸ್ ನ್ಯೂಸ್ ಅನ್ನುವ, ರಿಪಬ್ಲಿಕನ್ ಪಕ್ಷದ ಕಡೆ ವಾಲುವ ಸುದ್ದಿ ವಾಹಿನಿ ಶುರುವಾದಾಗ ಅದು ಅಮೆರಿಕದ ಎಲ್ಲ ಊರುಗಳಿಗೂ ಒಟ್ಟಿಗೆ ಸಿಗಲಿಲ್ಲ, ಕೆಲವು ಕೇಬಲ್ ಕಂಪನಿಗಳು ಹಾಕಿಕೊಂಡವು, ಕೆಲವು ಹಾಕಿಕೊಳ್ಳಲಿಲ್ಲ. ಸ್ಟೆಫಾನೊ ಡೆಲ್ಲವಿನ್ಯಾ ಮತ್ತು ಈಥನ್ ಕಪ್ಲನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಈ ಎರಡೂ ಬಗೆಯ ಊರುಗಳನ್ನು ಹೋಲಿಸಿ ನೋಡಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾಹಿನಿ ಬಂದ ಊರುಗಳಲ್ಲಿ 2000ದ ಹೊತ್ತಿಗೆ ರಿಪಬ್ಲಿಕನ್ ಪಕ್ಷದ ಮತ ಶೇ 0.4ರಿಂದ 0.7ರಷ್ಟು ಏರಿತ್ತು. ಇಷ್ಟೇನಾ ಅನ್ನಿಸಬಹುದು. ಆದರೆ ಅದೇ 2000ದಲ್ಲಿ ಫ್ಲಾರಿಡಾ ರಾಜ್ಯದ ಫಲಿತಾಂಶ, ಅದರ ಜೊತೆಗೆ ಇಡೀ ದೇಶದ ಅಧ್ಯಕ್ಷ ಯಾರು ಅನ್ನುವುದು, ಬರೀ 537 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಲ್ಲಿ ಚಲಾವಣೆಯಾಗಿದ್ದು ಹತ್ತಿರ ಹತ್ತಿರ 60 ಲಕ್ಷ ಮತ.

ನನಗೆ ಇದರಲ್ಲಿ ಕಾಣುವುದು ಇಷ್ಟು. ಒಂದು ಸಿನಿಮಾ ಬಂತು ಅಂದರೆ ನಾವು ವಾರಗಟ್ಟಲೆ ಜಗಳ ಆಡುತ್ತೇವೆ, ನಿಷೇಧ ಮಾಡಿ ಅನ್ನುತ್ತೇವೆ, ಇಲ್ಲ ತೋರಿಸಲೇಬೇಕು ಅನ್ನುತ್ತೇವೆ. ದಿನಾ ಸಂಜೆ ಅಭ್ಯಾಸಬಲದಿಂದ ಹಾಕಿಕೊಳ್ಳುವ ವಾಹಿನಿಯ ಬಗ್ಗೆ ಮಾತ್ರ ಯೋಚನೆಯನ್ನೇ ಮಾಡುವುದಿಲ್ಲ. ನಿಜವಾದ ಪರಿಣಾಮ ಅಲ್ಲಿದೆ.

ಇನ್ನು ಪಕ್ಷಗಳ ಹೆದರಿಕೆ. ಅವು ಹೆದರುವುದು ಚಿತ್ರ ವೋಟು ತಿರುಗಿಸುತ್ತದೆ ಅಂತಲ್ಲ, ಮಾತಿನ ವಿಷಯವನ್ನೇ ಬದಲಾಯಿಸಿಬಿಡುತ್ತದೆ ಅಂತ. 1968ರ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕಾಂಬ್ಸ್ ಮತ್ತು ಡೊನಾಲ್ಡ್ ಶಾ, ಚಾಪೆಲ್ ಹಿಲ್ ಅನ್ನುವ ಊರಿನಲ್ಲಿ ಇನ್ನೂ ತೀರ್ಮಾನ ಮಾಡಿರದ 100 ಮತದಾರರನ್ನು ಮಾತಾಡಿಸಿದರು. ಮಾಧ್ಯಮಗಳು ಯಾವ ವಿಷಯಕ್ಕೆ ಜಾಸ್ತಿ ಜಾಗ ಕೊಟ್ಟಿದ್ದವೋ ಹೆಚ್ಚುಕಡಿಮೆ ಅವನ್ನೇ ಇವರೂ ಮುಖ್ಯ ವಿಷಯ ಅಂತ ಹೇಳಿದ್ದರು. ಉದ್ಯೋಗದ ಬಗ್ಗೆ ಮಾತಾಡೋಣ ಅಂತ ಹೊರಟ ಅಭ್ಯರ್ಥಿ ಹತ್ತು ದಿನ ಯಾವುದೋ ಹಳೆ ಹಗರಣಕ್ಕೇ ಉತ್ತರ ಕೊಡುತ್ತಾ ಕೂರಬೇಕಾಗಿ ಬಂದರೆ ಅವರಿಗೆ ಅದೇ ದೊಡ್ಡ ನಷ್ಟ.

ಪ್ರಶ್ನೆ: ದೃಶ್ಯವೂ ನಿಜ, ಮಾತೂ ಅವರದ್ದೇ. ಆದರೂ ‘ತಿರುಚಿದ್ದಾರೆ’ ಅಂತ ಗಲಾಟೆ ಆಗುತ್ತದೆ. ನಿಜವಾದ ದೃಶ್ಯದಿಂದ ಸುಳ್ಳು ಹೇಳಲು ಹೇಗೆ ಸಾಧ್ಯ?
— ನಿವೃತ್ತ ಶಿಕ್ಷಕರು

ಖಂಡಿತ ಸಾಧ್ಯ ಸರ್. ಕತ್ತರಿ ಸಾಕು.

ತೀರಾ ಈಚಿನ ಉದಾಹರಣೆ ಬಿಬಿಸಿಯದ್ದು. ಅದರ ‘ಪನೋರಮಾ’ ಕಾರ್ಯಕ್ರಮದಲ್ಲಿ ಡೊನಾಲ್ಡ್ ಟ್ರಂಪ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು, 2024ರ ಅಕ್ಟೋಬರ್ ಕೊನೆಯಲ್ಲಿ. ಅಂದರೆ ಅಮೆರಿಕದ ಮತದಾನಕ್ಕೆ ಒಂದು ವಾರ ಇದ್ದಾಗ. ಅದರಲ್ಲಿ ಟ್ರಂಪ್ 2021ರ ಜನವರಿ 6ರಂದು ಮಾಡಿದ ಭಾಷಣದ ಒಂದು ತುಣುಕು ಇತ್ತು. ನಾವು ಸಂಸತ್ ಭವನದ ಕಡೆ ನಡೆದು ಹೋಗೋಣ, ನಾನೂ ನಿಮ್ಮ ಜೊತೆ ಇರುತ್ತೇನೆ, ನಾವು ಹೋರಾಡುತ್ತೇವೆ, ಜೀವ ಒತ್ತೆಯಿಟ್ಟು ಹೋರಾಡುತ್ತೇವೆ ಅನ್ನುವ ಅರ್ಥದ ಮಾತು, ಒಂದೇ ಉಸಿರಿನಲ್ಲಿ ಹೇಳಿದ ಹಾಗೆ ಕೇಳುತ್ತಿತ್ತು. ಮೂಲ ಭಾಷಣದಲ್ಲಿ ‘ನಡೆದು ಹೋಗೋಣ’ ಅನ್ನುವುದಕ್ಕೂ ‘ಹೋರಾಡುತ್ತೇವೆ’ ಅನ್ನುವುದಕ್ಕೂ ನಡುವೆ 50 ನಿಮಿಷಕ್ಕಿಂತ ಜಾಸ್ತಿ ಅಂತರ ಇದೆ. ನಡೆದು ಹೋಗೋಣ ಅಂದ ಮೇಲೆ ಅವರು ನಿಜಕ್ಕೂ ಹೇಳಿದ್ದು, ನಮ್ಮ ಧೀರ ಸಂಸದರಿಗೆ ಹುರುಪು ತುಂಬೋಣ ಅಂತ. ಶಾಂತಿಯುತವಾಗಿ ನಿಮ್ಮ ದನಿ ಕೇಳಿಸಿ ಅಂತ ಹೇಳಿದ ಮಾತು ಚಿತ್ರದಲ್ಲಿ ಬರಲೇ ಇಲ್ಲ. ವರ್ಷದ ನಂತರ, 2025ರ ನವೆಂಬರ್‌ನಲ್ಲಿ, ಒಂದು ಒಳಗಿನ ಪತ್ರ ಸೋರಿಕೆಯಾಗಿ ಇದೆಲ್ಲ ಬಯಲಾಯಿತು. ಬಿಬಿಸಿಯ ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ಬರೂ ರಾಜೀನಾಮೆ ಕೊಟ್ಟರು.

ಇಲ್ಲಿ ಒಂದು ವಿಷಯ ನನಗೆ ತುಂಬಾ ಬೇಸರ ತರಿಸುತ್ತದೆ. ಆ ದಿನ ಸಂಸತ್ ಭವನಕ್ಕೆ ಜನ ನುಗ್ಗಿದ್ದು ಸುಳ್ಳಲ್ಲ. ಟ್ರಂಪ್ ಹೋರಾಟದ ಮಾತು ಆಡಿದ್ದೂ ಸುಳ್ಳಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದರೂ ನೋಡುವವರಿಗೆ ಬೇಕಾದಷ್ಟು ವಿಷಯ ಇತ್ತು. ಎರಡು ತುಣುಕು ಜೋಡಿಸಿ ಸಮಯ ಉಳಿಸಲು ಹೋಗಿ, ಆ ಇಡೀ ಘಟನೆಯ ಬಗ್ಗೆ ಯಾರು ಏನು ತೋರಿಸಿದರೂ ‘ಅದೆಲ್ಲ ಕತ್ತರಿ ಕೆಲಸ’ ಅಂತ ತಳ್ಳಿಹಾಕಲು ಒಂದು ನೆಪ ಒದಗಿಸಿಕೊಟ್ಟರು. ಒಳ್ಳೆಯ ಉದ್ದೇಶ ಇದೆ, ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ ಅಂದುಕೊಳ್ಳುವ ಸಂಕಲನಕಾರರು ಎಲ್ಲ ಪಕ್ಷಗಳ ಪರವಾಗಿಯೂ ಇದ್ದಾರೆ. ಅವರು ಕೆಡಿಸುವುದು ಮೊದಲು ತಮ್ಮದೇ ವಾದವನ್ನು.

ಎರಡನೇ ದಾರಿ ಇನ್ನೂ ನಯವಾದದ್ದು. ಅದರಲ್ಲಿ ಕತ್ತರಿಯೂ ಬೇಡ, ಹಿನ್ನೆಲೆ ದನಿಯೇ ಸಾಕು. 2001ರ ಸೆಪ್ಟೆಂಬರ್ 11ರಂದು ಎರಡನೇ ವಿಮಾನ ಬಡಿದ ಸುದ್ದಿಯನ್ನು ಬುಷ್ ಕಿವಿಯಲ್ಲಿ ಹೇಳಿದಾಗ ಅವರು ಫ್ಲಾರಿಡಾದ ಒಂದು ಶಾಲೆಯಲ್ಲಿ ಮಕ್ಕಳ ಮುಂದೆ ಕೂತಿದ್ದರು. ಸುಮಾರು ಏಳು ನಿಮಿಷ ಎದ್ದೇಳಲಿಲ್ಲ. ಮೂರ್ ತಮ್ಮ ಚಿತ್ರದಲ್ಲಿ ಆ ಮುಖವನ್ನು ತೋರಿಸುತ್ತಾ, ಅವರ ತಲೆಯಲ್ಲಿ ಏನು ಓಡುತ್ತಿರಬಹುದು ಅಂತ ತಮ್ಮ ದನಿಯಲ್ಲಿ ಊಹೆ ಹೇಳುತ್ತಾ ಹೋಗುತ್ತಾರೆ. ನೋಡುವವರಿಗೆ ದಿಕ್ಕು ತೋಚದ ಮನುಷ್ಯ ಕಾಣುತ್ತಾನೆ. ಚಿತ್ರ ಬಂದ ಮರುತಿಂಗಳೇ ಸರ್ಕಾರಿ ತನಿಖಾ ಆಯೋಗದ ವರದಿ ಬಂತು. ಅದೇ ನಿಮಿಷಗಳ ಬಗ್ಗೆ ಬುಷ್ ಆಯೋಗಕ್ಕೆ ಕೊಟ್ಟ ವಿವರಣೆ ಅದರಲ್ಲಿದೆ: ಏನಾಗುತ್ತಿದೆ ಅಂತ ತಿಳಿಯುವವರೆಗೆ ಗಾಬರಿ ತೋರಿಸದೆ ಧೈರ್ಯವಾಗಿ ಕಾಣಬೇಕು ಅಂತ ಕೂತಿದ್ದೆ ಅನ್ನುವುದು. ಯಾವುದು ಸರಿ? ಮುಖ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಹೇಳುವುದು, ಅನುಮಾನ ಬಂದ ಕಡೆ ಒಂದು ಸಲ ಧ್ವನಿ ಮ್ಯೂಟ್ ಮಾಡಿ ನೋಡಿ. ದೃಶ್ಯ ಏನು ಹೇಳುತ್ತಿದೆ, ಹಿನ್ನೆಲೆ ದನಿ ಏನು ಹೇಳುತ್ತಿದೆ, ಹಿನ್ನೆಲೆ ಸಂಗೀತ ಏನು ಹೇಳುತ್ತಿದೆ ಅನ್ನುವುದು ಬೇರೆ ಬೇರೆಯಾಗಿ ಕಾಣುತ್ತದೆ.

ಇನ್ನೊಂದು ಚಿಕ್ಕ ಸುಳಿವು. ಭಾಷಣ ಮಾಡುತ್ತಿರುವವರ ಮುಖ ತೋರಿಸುತ್ತಿದ್ದ ಕ್ಯಾಮೆರಾ ತಟ್ಟನೆ ಜನರ ಗುಂಪಿನ ಕಡೆಗೋ, ಬಾವುಟದ ಕಡೆಗೋ ತಿರುಗಿ, ಮಾತು ಮಾತ್ರ ಮುಂದುವರಿದರೆ, ಅಲ್ಲಿ ಮಾತಿನ ಎರಡು ತುಣುಕು ಸೇರಿರುವ ಸಾಧ್ಯತೆ ಇದೆ. ಬೆಸುಗೆ ಕಾಣದಿರಲಿ ಅಂತ ಹಾಗೆ ಮಾಡುವುದು ಸಂಕಲನದಲ್ಲಿ ಮಾಮೂಲು. ಎಲ್ಲ ಸಲವೂ ಮೋಸ ಅಂತಲ್ಲ, ಉದ್ದದ ಮಾತನ್ನು ಚಿಕ್ಕದು ಮಾಡಲೂ ಹೀಗೇ ಮಾಡುತ್ತಾರೆ. ಆದರೆ ಪೂರ್ತಿ ಭಾಷಣ ಹುಡುಕಿ ನೋಡಬೇಕಾದ ಜಾಗ ಅದೇ.

ಪ್ರಶ್ನೆ: ನಮ್ಮಣ್ಣನೂ ನಾನೂ ಒಂದೇ ಕಾರ್ಯಕ್ರಮ ನೋಡಿದೆವು. ಅವನು ‘ಇದು ನಿಮ್ಮ ಪಕ್ಷದ ವಾಹಿನಿ’ ಅಂದ, ನನಗೆ ಅದು ಪಕ್ಕಾ ಅವನ ಪಕ್ಷದ್ದು ಅನ್ನಿಸಿತು. ನಮ್ಮಿಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿದೆ?
— ಅಣ್ಣನ ಜೊತೆ ಮಾತು ಬಿಟ್ಟಿರುವ ತಂಗಿ

ಇಬ್ಬರಿಗೂ ಇಲ್ಲಮ್ಮ. ನಿಮ್ಮಿಬ್ಬರಿಗೂ ಆಗಿದ್ದು ಎಲ್ಲರಿಗೂ ಆಗುವಂಥದ್ದೇ.

1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪರ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 1982ರಲ್ಲಿ ಬೈರೂತ್‌ನ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಟಿವಿ ವರದಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದ್ದರು. ಇಸ್ರೇಲ್ ಪರ ಇದ್ದವರೂ, ಅರಬ್ಬರ ಪರ ಇದ್ದವರೂ ನೋಡಿದ್ದು ಒಂದೇ ತುಣುಕುಗಳನ್ನು. ಇಸ್ರೇಲ್ ಪರದವರು ‘ವರದಿ ಇಸ್ರೇಲ್ ವಿರುದ್ಧ ಇದೆ’ ಅಂದರು, ಅರಬ್ಬರ ಪರದವರು ‘ಇಸ್ರೇಲ್ ಪರ ಇದೆ’ ಅಂದರು. ವಿಷಯದ ಬಗ್ಗೆ ಜಾಸ್ತಿ ತಿಳಿದುಕೊಂಡಿದ್ದವರಿಗೇ ಪಕ್ಷಪಾತ ಇನ್ನೂ ಜಾಸ್ತಿ ಕಂಡಿತ್ತು. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಮುಖ್ಯವಾದದ್ದು ಇದೇ. ಓದಿಕೊಂಡವರು, ದಿನಾ ಸುದ್ದಿ ನೋಡುವವರು ಇದರಿಂದ ತಪ್ಪಿಸಿಕೊಳ್ಳುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ನಮ್ಮ ಪರವಾದ ವಾದಗಳು ನಮಗೆ ಅಷ್ಟೊಂದು ಗೊತ್ತಿರುವುದರಿಂದ, ಅದರಲ್ಲಿ ಯಾವುದು ಬಿಟ್ಟುಹೋಯಿತು ಅಂತ ತಕ್ಷಣ ಹೊಳೆಯುತ್ತದೆ. ಎದುರಿನವರದ್ದು ಏನು ಬಿಟ್ಟುಹೋಯಿತು ಅಂತ ಹೊಳೆಯುವುದೇ ಇಲ್ಲ.

ಹಾಗಂತ ಎರಡೂ ಕಡೆಯವರು ಬೈದರೆ ಆ ವಾಹಿನಿ ಸರಿಯಾಗಿದೆ ಅಂತ ಅರ್ಥ ಅಲ್ಲ. ಕೆಲವು ಸಂಪಾದಕರು ಇದನ್ನೇ ಸರ್ಟಿಫಿಕೇಟ್ ಮಾಡಿಕೊಂಡಿದ್ದಾರೆ. ಕೆಟ್ಟ ಕೆಲಸ ಮಾಡಿದರೂ ಎರಡೂ ಕಡೆಯವರು ಬೈಯುತ್ತಾರೆ.

ನೀವಿಬ್ಬರೂ ಒಂದು ಕೆಲಸ ಮಾಡಿ. ಇನ್ನೊಂದು ಕಾರ್ಯಕ್ರಮ ಜೊತೆಗೆ ಕೂತು ನೋಡಿ. ‘ಇದು ಯಾರ ಪರ’ ಅನ್ನುವ ಮಾತು ಎತ್ತಬೇಡಿ. ಯಾರನ್ನು ಮಾತಾಡಿಸಿದರು, ಎಷ್ಟು ಹೊತ್ತು, ಯಾರ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು, ಆರೋಪ ಬಂದವರಿಗೆ ಉತ್ತರ ಕೊಡಲು ಅವಕಾಶ ಸಿಕ್ಕಿತಾ, ಇಷ್ಟನ್ನು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಇವು ಎಣಿಸಬಹುದಾದ ವಿಷಯಗಳು, ಹಾಳೆ ಪಕ್ಕ ಪಕ್ಕ ಇಟ್ಟಾಗ ಜಗಳಕ್ಕೆ ಅಷ್ಟು ಜಾಗ ಉಳಿಯುವುದಿಲ್ಲ. ಅಣ್ಣ ಒಪ್ಪದಿದ್ದರೆ ಮೊದಲು ನೀವೇ ಫೋನ್ ಮಾಡಿ. ಒಂದು ಕಾರ್ಯಕ್ರಮಕ್ಕೋಸ್ಕರ ಒಡಹುಟ್ಟಿದವರ ಜೊತೆ ಮಾತು ಬಿಡುವುದು ಬೇಡ.

ಪ್ರಶ್ನೆ: ಪೂರ್ತಿ ನಿಷ್ಪಕ್ಷಪಾತವಾದ ರಾಜಕೀಯ ಸಾಕ್ಷ್ಯಚಿತ್ರ ಅಂತ ಒಂದಾದರೂ ಇದೆಯಾ?
— ಹೆಸರು ಬರೆದಿಲ್ಲ

ಇಲ್ಲ. ಇರಬೇಕಾಗಿಯೂ ಇಲ್ಲ. ನೂರಾರು ಗಂಟೆ ಚಿತ್ರೀಕರಿಸಿ ಒಂದೂವರೆ ಗಂಟೆ ಉಳಿಸಿಕೊಳ್ಳುವಾಗ ಆಯ್ಕೆ ಆಗಿಯೇ ಆಗುತ್ತದೆ. ಚಿತ್ರ ಮಾಡಿದವರಿಗೆ ಅಭಿಪ್ರಾಯ ಇರಲಿ, ಅದನ್ನು ಮುಚ್ಚಿಡದೆ ಹೇಳಲಿ. ದುಡ್ಡು ಯಾರು ಹಾಕಿದರು ಅನ್ನುವುದನ್ನೂ ಹೇಳಲಿ. ತಮ್ಮ ವಾದಕ್ಕೆ ಇರುವ ಅತಿ ಗಟ್ಟಿ ಆಕ್ಷೇಪಣೆಯನ್ನು ಚಿತ್ರದೊಳಗೇ ತಂದು ಉತ್ತರ ಕೊಡುತ್ತಾರಾ ಅಂತ ನಾನು ನೋಡುತ್ತೇನೆ. ಎದುರು ಪಕ್ಷದಲ್ಲಿ ಸರಿಯಾಗಿ ಮಾತಾಡಬಲ್ಲವರನ್ನು ಬಿಟ್ಟು ತೊದಲುವ ಒಬ್ಬರನ್ನು ಹುಡುಕಿ ತಂದು ಕೂರಿಸಿದ್ದರೆ ಅಲ್ಲಿಗೆ ನನ್ನ ನಂಬಿಕೆ ಮುಗಿಯಿತು.

ಪ್ರಶ್ನೆ: ಚುನಾವಣೆ ಮುಗಿಯುವವರೆಗೆ ಇಂಥ ಚಿತ್ರಗಳನ್ನು ನಿಲ್ಲಿಸಿಬಿಟ್ಟರೆ ಒಳ್ಳೆಯದಲ್ವಾ? ಸುಮ್ನೆ ಯಾಕೆ ತಲೆನೋವು?
— ಬ್ಯಾಂಕ್ ಉದ್ಯೋಗಿ

ನನ್ನ ಉತ್ತರ, ಬೇಡ. ಯಾಕೆ ಅಂತ ಹೇಳಲು ಮತ್ತೆ ಅಮೆರಿಕಕ್ಕೇ ಹೋಗಬೇಕು.

2002ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಗೆ 30 ದಿನ, ಮುಖ್ಯ ಚುನಾವಣೆಗೆ 60 ದಿನ ಇರುವಾಗ ಅಭ್ಯರ್ಥಿಯ ಹೆಸರೆತ್ತುವ ಪ್ರಸಾರಕ್ಕೆ ಕಂಪನಿಗಳು, ಕಾರ್ಮಿಕ ಸಂಘಗಳು ತಮ್ಮ ಬೊಕ್ಕಸದಿಂದ ದುಡ್ಡು ಹಾಕುವಂತಿಲ್ಲ ಅಂತ. 2004ರಲ್ಲಿ ‘ಸಿಟಿಜನ್ಸ್ ಯುನೈಟೆಡ್’ ಅನ್ನುವ ಬಲಪಂಥೀಯ ಸಂಸ್ಥೆ, ಮೂರ್ ಚಿತ್ರದ ಟಿವಿ ಜಾಹೀರಾತುಗಳು ಈ ಕಾನೂನಿಗೆ ವಿರುದ್ಧ ಅಂತ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಿತು. ದೂರು ವಜಾ ಆಯಿತು. ಆಮೇಲೆ ಅದೇ ಸಂಸ್ಥೆ ತಾನೇ ಸಾಕ್ಷ್ಯಚಿತ್ರ ಮಾಡಲು ಇಳಿಯಿತು. 2008ರಲ್ಲಿ ಅಧ್ಯಕ್ಷ ಚುನಾವಣೆಯ ಆಕಾಂಕ್ಷಿಯಾಗಿದ್ದ ಹಿಲರಿ ಕ್ಲಿಂಟನ್ ವಿರುದ್ಧ ‘ಹಿಲರಿ: ದ ಮೂವಿ’ ಮಾಡಿದಾಗ ಅದಕ್ಕೆ ಈ ಕಾನೂನೇ ಅಡ್ಡ ಬಂತು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2009ರ ಮಾರ್ಚ್‌ನಲ್ಲಿ ವಾದ ನಡೆಯುವಾಗ ನ್ಯಾಯಮೂರ್ತಿಗಳು ಸರ್ಕಾರಿ ವಕೀಲರನ್ನು ಕೇಳಿದರು: ಇದೇ ವಿಷಯ ಪುಸ್ತಕದಲ್ಲಿದ್ದರೆ ಅದನ್ನೂ ತಡೆಯಬಹುದಾ? ಸರ್ಕಾರದ ವಾದದ ಪ್ರಕಾರ, ಕಂಪನಿಯ ದುಡ್ಡಿನಿಂದ ಪ್ರಕಟವಾದ ಪುಸ್ತಕಕ್ಕೂ ಇದು ಅನ್ವಯಿಸಬಹುದು ಅನ್ನುವ ಉತ್ತರ ಬಂತು. ಅಲ್ಲಿಂದ ಮೊಕದ್ದಮೆಯ ದಿಕ್ಕೇ ಬದಲಾಯಿತು. 2010ರ ಜನವರಿ 21ರಂದು 5–4ರ ಬಹುಮತದಲ್ಲಿ ಆ ನಿರ್ಬಂಧ ಬಿದ್ದುಹೋಯಿತು. ಜೊತೆಗೆ, ಚುನಾವಣೆಯಲ್ಲಿ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಲು ಕಂಪನಿಗಳಿಗೆ ಬಾಗಿಲು ತೆರೆಯಿತು. ಒಂದು ಸಿನಿಮಾದ ಜಗಳ ಅಲ್ಲಿಯವರೆಗೆ ಹೋಯಿತು.

ಆ ತೀರ್ಪು ನನಗೆ ಪೂರ್ತಿ ಇಷ್ಟವಿಲ್ಲ, ದುಡ್ಡಿನ ಹೊಳೆ ಹರಿಯಿತು. ಆದರೆ ಪುಸ್ತಕದ ಬಗ್ಗೆ ಕೇಳಿದ ಆ ಪ್ರಶ್ನೆ ಸರಿಯಾದದ್ದು. ಸಿನಿಮಾ ತಡೆಯುವ ಅಧಿಕಾರ ಕೊಟ್ಟರೆ ಅದು ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಬೇಕು. ಆ ಅಧಿಕಾರ ಯಾವತ್ತೂ ಕುರ್ಚಿಯಲ್ಲಿ ಇರುವವರ ಕೈಗೇ ಹೋಗುತ್ತದೆ, ನಿಮಗೆ ಬೇಕಾದವರ ಕೈಗೆ ಅಲ್ಲ.

ಕೊನೆ ಗಳಿಗೆಯ ಒಂದು ಸಣ್ಣ ಮೌನ ಬೇರೆ ವಿಷಯ, ಅದಕ್ಕೆ ನನ್ನ ವಿರೋಧ ಇಲ್ಲ. ಭಾರತದಲ್ಲಿ ಜನಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ, ಆ ಕ್ಷೇತ್ರದಲ್ಲಿ ಸಿನಿಮಾ, ಟಿವಿ ಮೂಲಕ ಚುನಾವಣೆಯ ಮೇಲೆ ಪ್ರಭಾವ ಬೀರುವಂಥದ್ದನ್ನು ತೋರಿಸುವಂತಿಲ್ಲ. ಬ್ರಿಟನ್ನಿನಲ್ಲಿ ಮತಗಟ್ಟೆ ತೆರೆದ ಕೂಡಲೇ ಟಿವಿ, ರೇಡಿಯೊದಲ್ಲಿ ಚುನಾವಣಾ ವಿಷಯಗಳ ಚರ್ಚೆ ನಿಲ್ಲಬೇಕು. ಆದರೆ 2024ರ ಲೋಕಸಭಾ ಚುನಾವಣೆ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ನಡೆಯಿತು. ಒಂದು ಕಡೆ ಮೌನ ಇರುವಾಗ ಇನ್ನೊಂದು ಕಡೆ ಭಾಷಣ ನೇರ ಪ್ರಸಾರ ಆಗುತ್ತಿರುತ್ತದೆ, ಎರಡೂ ಕಡೆಯವರ ಕೈಯಲ್ಲಿ ಇರುವುದು ಅದೇ ಫೋನು. ಹಾಗಾಗಿ ಕಾನೂನಿನ ಮೇಲೆ ಜಾಸ್ತಿ ಭಾರ ಹಾಕಬೇಡಿ.

ಪ್ರಶ್ನೆ: ಬೀದಿಯಲ್ಲಿ ಮೈಕ್ ಹಿಡಿದು ‘ಜನ ಏನಂತಾರೆ’ ಅಂತ ತೋರಿಸುತ್ತಾರಲ್ಲ, ಅದು ಜನಾಭಿಪ್ರಾಯ ಅಲ್ವಾ?
— ಕಾಲೇಜು ವಿದ್ಯಾರ್ಥಿ

ಅಲ್ಲ. ನೂರಾರು ಜನರ ಹೇಳಿಕೆಯಲ್ಲಿ ಯಾವ ಹತ್ತನ್ನು ತೋರಿಸಬೇಕು ಅಂತ ತೀರ್ಮಾನಿಸಿದವರ ಅಭಿಪ್ರಾಯ ಅದು. ಸಂಖ್ಯೆ ದೊಡ್ಡದಾದರೆ ಸರಿಹೋಗುತ್ತದೆ ಅಂತಲೂ ಇಲ್ಲ. 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಒಂದು ಕೋಟಿ ಅಮೆರಿಕನ್ನರಿಗೆ ಕಾರ್ಡ್ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ವಿರುದ್ಧ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಪತ್ರಿಕೆ ವಿಳಾಸ ತೆಗೆದುಕೊಂಡಿದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆ ಬಡತನದ ಕಾಲದಲ್ಲಿ ಅವೆರಡೂ ಇದ್ದವರು ಎಂಥವರು ಅಂತ ನೀವೇ ಊಹಿಸಿ. ಉತ್ತರ ಕಳಿಸಲು ಆಸಕ್ತಿ ಇದ್ದವರೂ ಒಂದೇ ಕಡೆ ಜಾಸ್ತಿ ಇದ್ದರು.

ಪ್ರಶ್ನೆ: ಮತದಾನದ ಹಿಂದಿನ ರಾತ್ರಿ ನಮ್ಮ ಕುಟುಂಬದ ವಾಟ್ಸ್ಆಪ್ ಗುಂಪಿಗೆ ಒಬ್ಬ ಅಭ್ಯರ್ಥಿಯ ಆಡಿಯೊ ಬಂತು. ಕೇಳಿ ಮೈ ಉರಿಯಿತು. ಕಳಿಸಿದ್ದು ನಮ್ಮ ಸೋದರಮಾವ. ಸುಳ್ಳಿರಬಹುದು ಅನ್ನಿಸಿತು, ಆದರೆ ಎಲ್ಲರ ಮುಂದೆ ಹೇಳಿದರೆ ಬೇಜಾರಾಗುತ್ತಾರೆ. ಏನು ಮಾಡಬೇಕಿತ್ತು?
— ಗೃಹಿಣಿ

ನಿಮಗೆ ಅನುಮಾನ ಬಂದಿದ್ದು ಸರಿಯಾಗಿಯೇ ಇದೆ. ಹಿಂದಿನ ರಾತ್ರಿ ಬಂದಿದ್ದೇ ಮೊದಲ ಸುಳಿವು. ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್ 30ರಂದು ಚುನಾವಣೆ ಇತ್ತು. ಅದಕ್ಕೆ ಎರಡು ದಿನ ಮುಂಚೆ ಒಂದು ಆಡಿಯೊ ಹರಿದಾಡಿತು, ಒಂದು ಪಕ್ಷದ ನಾಯಕರಾದ ಮಿಖಾಲ್ ಶಿಮೆಚ್ಕಾ ಒಬ್ಬ ಪತ್ರಕರ್ತೆಯ ಜೊತೆ ಮತದಾನದಲ್ಲಿ ಮೋಸ ಮಾಡುವ ಬಗ್ಗೆ ಮಾತಾಡುತ್ತಿರುವ ಹಾಗೆ. ಅದು ನಕಲಿ, ಇಬ್ಬರೂ ತಕ್ಷಣ ಹಾಗೆಂದರು. ಆದರೆ ಅಲ್ಲಿಯೂ ಮತದಾನಕ್ಕೆ ಮುಂಚಿನ 48 ಗಂಟೆ ಮೌನದ ನಿಯಮ ಇತ್ತು. ನಕಲಿ ಆಡಿಯೊ ಹಬ್ಬುತ್ತಲೇ ಇತ್ತು, ಅದು ನಕಲಿ ಅಂತ ಗಟ್ಟಿಯಾಗಿ ಸಾರುವುದು ಕಷ್ಟವಾಯಿತು. ಪರಿಶೀಲಿಸಲು ಯಾರಿಗೂ ಸಮಯ ಸಿಗಬಾರದು ಅನ್ನುವ ಲೆಕ್ಕದಲ್ಲೇ ಇಂಥವನ್ನು ಬಿಡುವುದು.

ಇಂಥದ್ದು ಬಂದಾಗ ಮೊದಲು ಮೂಲ ಎಲ್ಲಿದೆ ಅಂತ ಹುಡುಕಿ. ಯಾವ ಊರು, ಯಾವ ದಿನ, ಯಾರು ರೆಕಾರ್ಡ್ ಮಾಡಿದ್ದು? ಪ್ರತಿಸ್ಪರ್ಧಿ ವಾಹಿನಿಗಳು ಕೂಡ ಇದನ್ನು ವರದಿ ಮಾಡಿವೆಯಾ? ಅಭ್ಯರ್ಥಿ ಏನಂದರು? ಒಂದಕ್ಕೂ ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ, ವೋಟು ಹಾಕುವಾಗ ಲೆಕ್ಕಕ್ಕೂ ತೆಗೆದುಕೊಳ್ಳಬೇಡಿ.

ಮಾವನ ವಿಷಯ. ಗುಂಪಿನಲ್ಲಿ ಹೇಳಬೇಡಿ, ಎಲ್ಲರ ಮುಂದೆ ತಿದ್ದಿಸಿಕೊಂಡವರು ಹಟಕ್ಕೆ ಬೀಳುತ್ತಾರೆ. ನೇರ ಫೋನ್ ಮಾಡಿ, ‘ಮಾವ, ಇದು ನಿಮಗೆ ಯಾರು ಕಳಿಸಿದ್ದು, ಪೂರ್ತಿ ಆಡಿಯೊ ಇದ್ದರೆ ಕಳಿಸ್ತೀರಾ’ ಅಂತ ಕೇಳಿ. ಅವರೂ ತಮಗೆ ಕಳಿಸಿದವರನ್ನು ಕೇಳುತ್ತಾರೆ. ಪೂರ್ತಿ ಆಡಿಯೊ ಸಿಗದಿದ್ದರೆ, ಗುಂಪಿನಿಂದ ಅವರ ಕೈಯಲ್ಲೇ ಡಿಲೀಟ್ ಮಾಡಿಸಿ.